ಬಾಗಿಲ ಮೂಲೆಯ ಒಂದು ಕಡ್ಡಿ ಸಿಗ್ನಲ್

ವೇದಿಕೆಯ ಮೇಲಿರುವ ಅಧ್ಯಕ್ಷರಾದ ವಾಸುದೇವ ಅವರೇ, ಇಂಥ ಸೆಖೆಯಲ್ಲೂ ಹಿಮಾಯತ್‌ನಗರದ ಈ ಸಭಾಂಗಣಕ್ಕೆ ಬಂದು ಕುಳಿತ ಸಭಿಕರೇ,

ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ಮುಂದಿನ ಕಾಲದ ನಿಸ್ತಂತು ಸಂಪರ್ಕದ ಬಗ್ಗೆ ಮಾತಾಡಲು ಹತ್ತು ನಿಮಿಷ ಕೊಟ್ಟಿರಿ. ಸೂರ್ಯನ ಬೆಳಕು ಎಂಟೇ ನಿಮಿಷದಲ್ಲಿ ಭೂಮಿ ಮುಟ್ಟುತ್ತದೆ. ಈ ಸಿದ್ದರಾಮಪ್ಪನ ಮಾತು ಹತ್ತರಲ್ಲಿ ಮುಗಿಯುವುದು ಕಷ್ಟ!

ಬೆಳಕು, ರೇಡಿಯೊ, ಎಕ್ಸ್‌ರೇ ಎಲ್ಲವೂ ಒಂದೇ ವಿದ್ಯುತ್ಕಾಂತೀಯ ಮನೆತನದವು. ಕಣ್ಣಿಗೆ ಕಾಣುವುದು ಅದರಲ್ಲೊಂದು ಚೂರು. ಹಳೆಯ ರೇಡಿಯೊದ ಉದ್ದನೆಯ ಅಲೆ ಗುಡ್ಡ ದಾಟಿ ಬರುತ್ತಿತ್ತು. ಮುಂದೆ ಬರುವ ಅಲೆಗಳು ತೀರಾ ಗಿಡ್ಡ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಗ್ರಂಥಾಲಯವನ್ನೇ ಹೊತ್ತು ತರುತ್ತವೆ, ಆದರೆ ಗೋಡೆ ದಾಟಲಾರವು. ಬೇವಿನ ಎಲೆ ಅಡ್ಡ ಬಂದರೂ ಸೊರಗುತ್ತವೆ. ಅದಕ್ಕೇ ಓಣಿ ಓಣಿಗೂ ಆಂಟೆನಾ ಬೇಕಾಗುತ್ತದೆ.

ಬಾಲಾನಗರದ ನಮ್ಮ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಾನು ನೋಡಿಕೊಂಡದ್ದು ಅಲೆಗಳೇ ಒಳಗೆ ಬಾರದ ಒಂದು ಕೋಣೆ. ಗೋಡೆಗೆಲ್ಲ ತಾಮ್ರದ ತಗಡು. ಹೊರಗಿನ ಸಿಗ್ನಲ್ ನುಸುಳಿದರೆ ಉಪಕರಣಗಳ ಪರೀಕ್ಷೆ ಕೆಡುತ್ತದೆ. ಆದರೆ ಬಾಗಿಲ ಮೂಲೆಯಲ್ಲೊಂದು ಸಂದಿತ್ತು. ಅಲ್ಲಿ ನಿಂತರೆ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಬರುತ್ತಿತ್ತು. ಅದು ನನಗೊಬ್ಬನಿಗೇ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಏಕೆ ಹೇಳಲಿಲ್ಲ? ದಿನಾ ಹನ್ನೊಂದಕ್ಕೆ ನನ್ನ ಹೆಂಡತಿ ಗಿರಿಜಾಬಾಯಿ ಫೋನ್ ಹಚ್ಚುತ್ತಿದ್ದಳು, ನಾನು ಆ ಮೂಲೆಯಲ್ಲಿ ನಿಂತು ಎತ್ತುತ್ತಿದ್ದೆ. "ಬಿಪಿ ಗುಳಿಗಿ ತಗೊಂಡ್ರ್ಯೋ ಇಲ್ಲೋ?" ಅಷ್ಟೇ ಮಾತು.

ಹೋದ ವರ್ಷ ಗಿಡ್ಡ ಅಲೆಗಳ ಹೊಸ ಉಪಕರಣ ಪರೀಕ್ಷೆಗೆ ಬಂತು. ಇನ್ನು ಸಂದು ಇರುವಂತಿರಲಿಲ್ಲ. ನಾನೇ ತಾಮ್ರದ ಪಟ್ಟಿ ಹಾಕಿ ಮುಚ್ಚಿದೆ. ಇವತ್ತಿನ ಸನ್ಮಾನ ಆ ಕೆಲಸಕ್ಕೇ. ಅಂದು ಸಂಜೆ ಮನೆಯಲ್ಲಿ ಹೇಳಬೇಕಿತ್ತು. "ನನಗಿಂತ ಆ ಡಬ್ಬಿ ಹೆಚ್ಚಾತೇನ್ರಿ?" ಎನ್ನುತ್ತಾಳೆಂದು ಅಂಜಿ ಸುಮ್ಮನಾದೆ.

ಮರುದಿನ ಹನ್ನೊಂದರ ಹೊತ್ತಿಗೆ ಅವಳಿಗೆ ಎದೆನೋವು ಬಂತು. ಪಕ್ಕದ ಮನೆಯ ಶೈಲಶ್ರೀ ಆಟೋ ತಂದು ನಿಲ್ಲಿಸಿದಳು. "ತಡಿಯವ್ವಾ, ಅವರು ಫೋನ್ ಎತ್ತತಾರ. ಹನ್ನೊಂದಕ್ಕ ಎಂದೂ ತಪ್ಪಿಸಿಲ್ಲ," ಎಂದು ಗಿರಿಜಾ ಕುಳಿತೇ ಇದ್ದಳಂತೆ. ಊಟಕ್ಕೆ ನಾನು ಹೊರಗೆ ಬಂದಾಗ, ಒಂಬತ್ತು ಸಲ ಫೋನ್ ಬಂದಿತ್ತೆಂಬ ಸಂದೇಶಗಳು ಒಟ್ಟಿಗೇ ಬಂದವು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನನ್ನು ನಂಬಿ ಕಾದಳು, ಅದೇ ನನ್ನನ್ನು ತಿನ್ನುತ್ತಿದೆ.

ಅಧ್ಯಕ್ಷರೇ, ಗಾಬರಿಯಾಗಬೇಡಿ, ಮುಗಿಸುತ್ತೇನೆ. ಈ ಶಾಲನ್ನು ಮೇಜಿನ ಮೇಲಿಟ್ಟಿದ್ದೇನೆ, ಹೊದ್ದುಕೊಳ್ಳಲು ಆಗುತ್ತಿಲ್ಲ. ಆರಂಭದಲ್ಲಿ ತಾವು ಎಲ್ಲರಿಗೂ ಮೊಬೈಲ್ ಬಂದ್ ಮಾಡಿ ಎಂದಿರಿ. ಸಭಿಕರೇ, ದಯವಿಟ್ಟು ಚಾಲೂ ಮಾಡಿ. ಯಾರದಾದರೂ ರಿಂಗಾದರೆ ಸಂಕೋಚ ಬೇಡ, ಎದ್ದು ಹೋಗಿ ಮಾತಾಡಿ. ಕೇಳಿದ್ದಕ್ಕೆ ಧನ್ಯವಾದ, ಎಲ್ಲರಿಗೂ ನಮಸ್ಕಾರ. ನೀವು ಚಾಲೂ ಮಾಡುವ ತನಕ ನಾನು ಇಲ್ಲೇ ನಿಂತಿರುತ್ತೇನೆ.