ತೊಂಬತ್ತೆರಡು ಕಿಲೋಗೆ ಮಾಡಿದ ಸೀಟು

ಹೇಳಿಕೆ ಕೊಡುತ್ತಿರುವವನು: ಬೀದಿಯವರೆಲ್ಲ ಸೀಟ್ ಮೇಸ್ತ್ರಿ ಎಂದು ಕರೆಯುವ ನಾನು. ವಯಸ್ಸು ಐವತ್ತೊಂದು. ಉದ್ಯೋಗ: ಸ್ಕೂಟರು, ಕಾರು, ಬಸ್ಸುಗಳ ಸೀಟು ಹೊಲಿಯುವುದು, ಸ್ವಂತ ಅಂಗಡಿ. ವಾಸ: ನೀರಿನ ಟ್ಯಾಂಕಿನ ಹಿಂದಿನ ಬೀದಿ, ಹಸಿರು ಗೇಟಿನ ಕಟ್ಟಡ, ಮೂರನೇ ಮಹಡಿ, ಬೀದಿ ಕಡೆಯ ಮನೆ.

ಈ ಮೂಲಕ ತಿಳಿಸುವುದೇನೆಂದರೆ, ನಾನು ಸಾಯಲು ಹೊರಟಿರಲಿಲ್ಲ. ಇದನ್ನು ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಿ ಎಂದು ಹೆಡ್ ಕಾನ್ಸ್‌ಟೇಬಲ್ ಅವರನ್ನು ಕೇಳಿಕೊಂಡಿದ್ದೇನೆ. ಸರಿ, ಮೊದಲಿನಿಂದ ಹೇಳಿ, ಆದರೆ ಸಣ್ಣ ದನಿಯಲ್ಲಿ ಹೇಳಿ, ಇದು ಠಾಣೆ, ನಾಟಕದ ಕಂಪನಿ ಅಲ್ಲ ಅಂತ ಅವರು ಅಂದರು. ನನ್ನ ದನಿ ಹುಟ್ಟಿನಿಂದಲೇ ಹೀಗೆ. ಮೊದಲಿನಿಂದ ಹೇಳುತ್ತೇನೆ.

ನನಗೆ ಒಬ್ಬ ಅಣ್ಣ ಇದ್ದಾನೆ. ವಯಸ್ಸು ಐವತ್ತೆಂಟು. ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಕೆಲಸ. ಅದೇ ಕಟ್ಟಡದಲ್ಲಿ, ನನ್ನ ಮನೆಯ ನೇರ ಕೆಳಗೆ, ಎರಡನೇ ಮಹಡಿಯಲ್ಲಿ ವಾಸ. ಹನ್ನೆರಡು ವರ್ಷದ ಹಿಂದೆ ನಾವಿಬ್ಬರೂ ಸೇರಿ ಹಾಯಿ ಕಟ್ಟಿದ ಒಂದು ಕಯಾಕ್ ಮಾಡಿದೆವು. ಕಯಾಕ್ ಅಂದರೆ ಉದ್ದ ಜಾಸ್ತಿ, ಅಗಲ ಕಡಿಮೆ, ಒಬ್ಬ ಕೂತರೆ ಇನ್ನೊಬ್ಬನಿಗೆ ಜಾಗವಿಲ್ಲದ ದೋಣಿ. ಅಂಥದ್ದಕ್ಕೆ ಹಾಯಿ ಕಟ್ಟಿದರೆ ಮೊದಲ ಗಾಳಿಗೇ ಮಗುಚುತ್ತದೆ. ಆದ್ದರಿಂದ ದೋಣಿಯ ಮೇಲೆ ಎರಡು ಅಡ್ಡಕೋಲು ಹಾಕಿ, ಅವುಗಳ ತುದಿಗೆ ಎರಡೂ ಪಕ್ಕ ಬಾಯಿ ಮುಚ್ಚಿದ ಪ್ಲಾಸ್ಟಿಕ್ ಪೈಪಿನ ತೇಲುಗಳನ್ನು ಜೋಡಿಸಿದ್ದೆವು. ಗಾಳಿ ಜೋರಾದರೆ ಒಂದು ಪಕ್ಕದ ತೇಲು ಮುಳುಗಿ ದೋಣಿಯನ್ನು ಹಿಡಿದೆಳೆಯುತ್ತದೆ. ಆಗ ಒಬ್ಬ, ಗಾಳಿ ಬರುವ ಪಕ್ಕದಲ್ಲಿ, ಅಡ್ಡಕೋಲುಗಳ ಮೇಲೆ ಕೂತು, ನೀರಿನ ಮೇಲೆ ಬೆನ್ನು ಚಾಚಿ ಹಿಂದಕ್ಕೆ ವಾಲಬೇಕು. ಆಗ ದೋಣಿ ನೆಟ್ಟಗಾಗುತ್ತದೆ, ಓಡುತ್ತದೆ. ನಾನು ಐವತ್ತೆರಡು ಕಿಲೋ. ಆದ್ದರಿಂದ ಒಳಗೆ ಕೂತು ಚುಕ್ಕಾಣಿ ಹಿಡಿಯುವುದು ನಾನು, ಹೊರಗೆ ಕೂತು ವಾಲುವುದು ಅಣ್ಣ. ವ್ಯವಹಾರ ಏನಿದ್ದರೂ ನನಗೂ ಗಾಳಿಗೂ, ನೀನು ಬರೀ ಗುಮಾಸ್ತ ಅಂತ ಅಣ್ಣ ಆಗಾಗ ಹೇಳುತ್ತಿದ್ದ.

ಒಂಬತ್ತು ವರ್ಷದ ಹಿಂದೆ, ಊರ ಹೊರಗಿನ ಜಲಾಶಯದಲ್ಲಿ, ದಡದಿಂದ ಸುಮಾರು ನೂರು ಮೀಟರ್ ದೂರದಲ್ಲಿ, ಅಣ್ಣ ಕೂತಿದ್ದ ಹಲಗೆ ಕಳಚಿ ಅವನು ಬೆನ್ನು ಕೆಳಗಾಗಿ ನೀರಿಗೆ ಬಿದ್ದ. ಆಗ ಸೀಟು ಇರಲಿಲ್ಲ, ಅಡ್ಡಕೋಲುಗಳಿಗೆ ಹಗ್ಗದಲ್ಲಿ ಕಟ್ಟಿದ ಹಲಗೆ ಇತ್ತು. ಹಲಗೆ ನಾನು ಕೊಯ್ದದ್ದು, ಗಂಟು ಅಣ್ಣ ಹಾಕಿದ್ದು. ಹಲಗೆ ಸೀಳಿತೋ ಗಂಟು ಜಾರಿತೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ, ಏಕೆಂದರೆ ಎರಡೂ ನೀರಿನ ಪಾಲಾದವು. ದಡದಲ್ಲಿದ್ದ ಜನ ನಕ್ಕರು. ಅಣ್ಣ ಒದ್ದೆ ಬಟ್ಟೆಯಲ್ಲೇ ನಿಂತು, ನೀನು ಮಾಡಿದ್ದರ ಮೇಲೆ ಇನ್ನು ಈ ಜನ್ಮದಲ್ಲಿ ಕೂರಲ್ಲ ಅಂತ ಎಲ್ಲರ ಎದುರಿಗೆ ಹೇಳಿ, ಏಳು ಕಿಲೋಮೀಟರ್ ನಡೆದುಕೊಂಡೇ ಮನೆಗೆ ಹೋದ. ಸೀಟು ಮಾಡಿ ಬದುಕುವವನಿಗೆ ಆ ಮಾತು ಹೇಳಬಾರದಿತ್ತು. ಇದನ್ನು ದೂರು ಎಂದು ಬರೆದುಕೊಳ್ಳಬಾರದು. ಕೇಳಿದ್ದಕ್ಕೆ ಹೇಳಿದ್ದೇನೆ.

ಅಣ್ಣ ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಮಾರನೇ ದಿನ ನಾನು ಮೆತ್ತೆ ಹಾಕಿಕೊಟ್ಟಿದ್ದ ಊಟದ ಕುರ್ಚಿಗಳು ನಾಲ್ಕೂ ನನ್ನ ಬಾಗಿಲ ಮುಂದೆ ಸಾಲಾಗಿ ನಿಂತಿದ್ದವು. ಸ್ಕೂಟರಿನ ಸೀಟನ್ನೂ ಕೀಳಿಸಿ ಬೇರೆ ಅಂಗಡಿಯಲ್ಲಿ ಹೊಲಿಸಿದ. ಆ ಹೊಲಿಗೆ ಹಿಂಬದಿಯಲ್ಲಿ ಸೊಟ್ಟಗಿದೆ, ಮಳೆ ಬಂದರೆ ನೀರು ಕುಡಿಯುತ್ತದೆ. ಅಣ್ಣ ಅದರ ಮೇಲೆ ಪೇಪರು ಮಡಚಿ ಹಾಕಿಕೊಂಡು ಕೂರುತ್ತಾನೆ. ಅವನು ಕೆಲಸಕ್ಕೆ ಹೊರಡುವ ಹೊತ್ತಿಗೆ ನಾನು ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಾ ಇದನ್ನು ನೋಡುತ್ತೇನೆ. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡುತ್ತೇವೆ. ಆ ಗೋಡೆಯಲ್ಲಿ ನೋಡುವಂಥದ್ದು ಏನೂ ಇಲ್ಲ. ದೋಣಿ ಅಂದಿನಿಂದ ತಾರಸಿಯಲ್ಲಿ ಬೋರಲು ಬಿದ್ದಿದೆ. ಒಮ್ಮೆ ನಾನೊಬ್ಬನೇ ತೆಗೆದುಕೊಂಡು ಹೋಗಿದ್ದೆ. ಐವತ್ತೆರಡು ಕಿಲೋವನ್ನು ಗಾಳಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಹಾಗಾದರೆ ಇಷ್ಟು ವರ್ಷ ಬಿಟ್ಟು ಈಗೇಕೆ ಸೀಟು ಮಾಡಿದಿರಿ ಎಂದು ಹೆಡ್ ಕಾನ್ಸ್‌ಟೇಬಲ್ ಕೇಳಿದರು. ಎರಡು ತಿಂಗಳ ಹಿಂದೆ ಒಂದು ಸಂಜೆ ಕೆಳಗಿನ ಬಾಲ್ಕನಿಯಿಂದ ಅಣ್ಣ, ಗಾಳಿ ತಿರುಗಿತು ನೋಡು ಅಂತ ಹೇಳಿದ್ದು ನನಗೆ ಕೇಳಿಸಿತು. ಅತ್ತಿಗೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ತಿರುಗಿದರೆ ತಿರುಗಲಿ ಬಿಡ್ರೀ, ಆ ಕ್ಲಿಪ್ಪು ಇತ್ತ ಕೊಡಿ ಅಂದರು. ಅಣ್ಣ ಕ್ಲಿಪ್ಪು ಕೊಟ್ಟು, ಒದ್ದೆ ಬೆರಳೊಂದನ್ನು ಕಂಬಿಯಾಚೆ ಗಾಳಿಗೆ ಹಿಡಿದ. ನಾನು ಮಾರನೇ ದಿನ ಪ್ಲೈವುಡ್ ತಂದೆ.

ಸೀಟಿನ ವಿವರ ಹೀಗಿದೆ. ನೀರಿಗೆ ಬಿಚ್ಚಿಕೊಳ್ಳದ, ಹನ್ನೆರಡು ಎಂಎಂ ದಪ್ಪದ ಪ್ಲೈವುಡ್, ಉದ್ದ ಎರಡಡಿ, ಅಗಲ ಹದಿಮೂರು ಅಂಗುಲ. ವಾಲಿದಾಗ ಸೊಂಟ ಜಾರದಂತೆ ಹೊರಗಿನ ಅಂಚನ್ನು ಒಂದಂಗುಲ ಎತ್ತರಿಸಿದ್ದೇನೆ. ಮೇಲೆ ನೀರು ಹೀರದ ಫೋಮು. ಮೊದಲು ಅದಕ್ಕೆ ನುಣುಪಾದ ರೆಕ್ಸಿನ್ ಹೊಲಿದು, ಒಂದು ಬಕೆಟ್ ನೀರು ಸುರಿದು ಕೂತು ನೋಡಿದರೆ, ಸಾಬೂನಿನ ಮೇಲೆ ಕೂತ ಹಾಗಾಗಿ ಅಂಗಡಿಯ ಬಾಗಿಲವರೆಗೂ ಹೋದೆ. ಬಿಚ್ಚಿ, ಬಸ್ಸಿಗೆ ಹಾಕುವ ತರಿತರಿ ಬಟ್ಟೆ ಹಾಕಿದೆ. ನೀರು ಬಸಿಯಲು ತಳದಲ್ಲಿ ತೂತುಗಳಿವೆ. ಕಾಲು ಸಿಕ್ಕಿಸಲು ಗುಜರಿ ಕಾರಿನ ಸೀಟ್ ಬೆಲ್ಟ್. ಎಲ್ಲ ಕಡೆಯೂ ಕ್ಲ್ಯಾಂಪು, ಬೋಲ್ಟು. ಎಲ್ಲಿಯೂ ಒಂದೇ ಒಂದು ಗಂಟು ಹಾಕಿಲ್ಲ. ಗಾಳಿ ಎರಡೂ ಕಡೆಯಿಂದ ಬರುವುದರಿಂದ ಎಡಕ್ಕೊಂದು, ಬಲಕ್ಕೊಂದು. ಎರಡೂ ಅಣ್ಣನ ಅಳತೆಗೆ.

ಮಾತೇ ಆಡದವನ ಅಳತೆ ಹೇಗೆ ಸಿಕ್ಕಿತು ಎಂದು ಕೇಳಿದರು. ಸೊಂಟದ ಅಗಲಕ್ಕೆ, ವಾಪಸ್ ಬಂದಿದ್ದ ಕುರ್ಚಿಯ ಮೆತ್ತೆಯಲ್ಲಿ ಉಳಿದಿದ್ದ ಗುರುತನ್ನು ಟೇಪು ಹಿಡಿದು ಅಳೆದೆ. ತೂಕಕ್ಕೆ, ಅಣ್ಣ ಹತ್ತಿದಾಗ ಸ್ಕೂಟರಿನ ಹಿಂದಿನ ಸ್ಪ್ರಿಂಗು ಎಷ್ಟು ಕೂರುತ್ತದೆಂದು ಮೇಲಿನಿಂದ ನೋಡಿ, ತೊಂಬತ್ತೆರಡು ಕಿಲೋ ಎಂದು ಅಂದಾಜು ಕಟ್ಟಿದೆ. ನನ್ನ ಹೆಂಡತಿ ಇದನ್ನೆಲ್ಲ ನೋಡಿ, ಆ ಮಹಾನುಭಾವನ ಸೊಂಟ ಅಳೆಯೋಕೆ ಇಷ್ಟು ಸರ್ಕಸ್ ಯಾಕೆ, ಒಂದು ಮಹಡಿ ಇಳಿದು ಹೋಗಿ ಅಣ್ಣಾ ಅಂತ ಕರೆಯಬಾರದಾ ಅಂತ ಕೇಳಿದಳು. ಮಹಡಿ ಇಳಿಯುವುದು ಕಷ್ಟವಲ್ಲ ಎಂದು ಹೇಳಿದೆ. ಟೇಪು ಸುತ್ತಿಟ್ಟೆ.

ಇಂದು ಭಾನುವಾರ ಬೆಳಿಗ್ಗೆ 9:40ಕ್ಕೆ ಹೆಂಡತಿ ತರಕಾರಿಗೆಂದು ಹೊರಟಳು. ನಮ್ಮ ಬಾಲ್ಕನಿಯ ಮೇಲ್ಗಂಬಿಯೂ ದೋಣಿಯ ಅಡ್ಡಕೋಲೂ ಒಂದೇ ದಪ್ಪ, ಎರಡಂಗುಲ. ಒಂದೇ ಕ್ಲ್ಯಾಂಪು ಎರಡಕ್ಕೂ ಕೂರುತ್ತದೆ. ದೋಣಿಗೆ ಹಾಕುವ ಮೊದಲು ಸೀಟು ತೊಂಬತ್ತೆರಡು ಕಿಲೋ ಹೊರುತ್ತದೋ ಇಲ್ಲವೋ ನೋಡಲೇಬೇಕಿತ್ತು. ಇನ್ನೊಮ್ಮೆ ಅವನನ್ನು ಬೀಳಿಸುವ ಹಾಗಿರಲಿಲ್ಲ. 9:50ಕ್ಕೆ ಸೀಟುಗಳಲ್ಲಿ ಒಂದನ್ನು ಕಂಬಿಗೆ ಬಿಗಿದು, ಹೊರಗಡೆಗೆ ಬೆನ್ನು ಮಾಡಿ ಕೂತು, ನಲವತ್ತು ಕಿಲೋ ಮರಳಿನ ಮೂಟೆಯನ್ನು ಮಡಿಲಿಗೆ ಕಟ್ಟಿಕೊಂಡು, ಕಾಲನ್ನು ಪಟ್ಟಿಗೆ ಸಿಕ್ಕಿಸಿ, ಸೊಂಟದ ಬೆಲ್ಟನ್ನು ಬಾಗಿಲ ಸರಳಿಗೆ ಕೊಕ್ಕೆ ಹಾಕಿ, ಹಿಂದಕ್ಕೆ ವಾಲಿದೆ. ಎದೆಯ ಮೇಲೆ ಆಕಾಶ, ಬೆನ್ನ ಕೆಳಗೆ ಬೀದಿ. ಸೀಟು ಕಿರ್ ಎನ್ನಲಿಲ್ಲ.

9:52ಕ್ಕೆ ತಲೆ ಕೆಳಗೆ ಬಿಟ್ಟು ನೋಡಿದಾಗ, ಕೆಳಗಿನ ಬಾಲ್ಕನಿಯಲ್ಲಿ ಅಣ್ಣ ಗಲ್ಲಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದ. ನನ್ನನ್ನೇ ನೋಡುತ್ತಿದ್ದ. ಅತ್ತಿಗೆ ಹೊರಗೆ ಬಂದು ಮೇಲೆ ನೋಡಿ, ಅಯ್ಯೋ ಮೈದುನಾ, ಇದೇನು ಹಲ್ಲಿ ಹಾಗೆ ಅಂದರು. ಪರೀಕ್ಷೆ ಅತ್ತಿಗೆ, ಏನೂ ಇಲ್ಲ ಎಂದೆ. ತಲೆಕೆಳಗಾಗಿ ಹೇಳಿದ್ದರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅಣ್ಣ ಅವರಿಗೆ, ಪೊಲೀಸಿಗೆ ಫೋನ್ ಮಾಡು ಅಂದ. ಪೊಲೀಸು ಯಾಕ್ರೀ, ನೀವೇ ಬಾಯಿ ಬಿಟ್ಟು ಏಳೋ ಅನ್ನಬಾರದಾ, ಒಡಹುಟ್ಟಿದವನಲ್ವಾ ಅಂತ ಅವರು ಗದರಿದರು. ಅಣ್ಣ ಪ್ಲಾಸ್ಟಿಕ್ ಸ್ಟೂಲು ಎಳೆದು ಅದರ ಮೇಲೆ ಹತ್ತಿ, ಎರಡೂ ಕೈಗಳನ್ನು ಮೇಲಕ್ಕೆ ಚಾಚಿ ನಿಂತ. ಅವನ ಬೆರಳಿಗೂ ನನ್ನ ತಲೆಗೂ ನಡುವೆ ಎರಡೂವರೆ ಅಡಿ ಇತ್ತು. ಎದುರು ಕಟ್ಟಡದ ಕಿಟಕಿಗಳೆಲ್ಲ ಪರದೆ ಎದ್ದ ಹಾಗೆ ಒಂದೊಂದಾಗಿ ತೆರೆದವು.

ಪೊಲೀಸರು 10:06ಕ್ಕೆ ಬಂದರು. ಹದಿನಾಲ್ಕು ನಿಮಿಷ ಏಕೆ ಎದ್ದೇಳಲಿಲ್ಲ, ನಿಮ್ಮ ಪರೀಕ್ಷೆ ಎರಡು ನಿಮಿಷಕ್ಕೇ ಮುಗಿದಿತ್ತಲ್ಲ ಎಂದು ಹೆಡ್ ಕಾನ್ಸ್‌ಟೇಬಲ್ ಮೂರು ಬಾರಿ ಕೇಳಿದರು. ಎದ್ದಿದ್ದರೆ ಅಣ್ಣ ಒಳಗೆ ಹೋಗುತ್ತಿದ್ದ. ಒಂಬತ್ತು ವರ್ಷದಲ್ಲಿ ನಾನು ಅವನ ನೆತ್ತಿ ನೋಡಿದ್ದೇನೆ, ಬೆನ್ನು ನೋಡಿದ್ದೇನೆ. ಮುಖ ಹೀಗೆ ನೇರವಾಗಿ ಸಿಕ್ಕಿದ್ದು ಇವತ್ತೇ. ಸೋಪು ಒಣಗಿ ಬಿಳಿ ಪುಡಿಯಾಗಿ ಉದುರುವವರೆಗೂ ಅವನು ಕೈ ಇಳಿಸಲಿಲ್ಲ. ನನಗೆ ಹೊಟ್ಟೆಯ ನರ ಹಿಡಿದುಕೊಂಡಿತ್ತು, ಆದರೂ ಇದ್ದೆ. ಪೊಲೀಸರು ಬಾಗಿಲು ತಳ್ಳಿ ಬಂದು ನನ್ನನ್ನು ಮೂಟೆ ಸಮೇತ ಒಳಗೆಳೆದರು. ಮೂಟೆ ಕಟ್ಟಿಕೊಂಡು ಹಾರುವುದಕ್ಕೆ ನೋಡಿದೆಯಾ ಅಂತ ಒಬ್ಬರು ಬೈದರು. ಸಾಯೋಕೆ ಹೊರಟವನು ಸೀಟ್ ಬೆಲ್ಟ್ ಹಾಕಿಕೊಳ್ತಾನಾ ಸಾರ್ ಎಂದು ಕೇಳಿದೆ.

ನನ್ನನ್ನು ಜೀಪಿನಲ್ಲಿ ಕರೆತಂದು, ಸೀಟುಗಳೆರಡನ್ನೂ ವಶಕ್ಕೆ ತೆಗೆದುಕೊಂಡರು. ಅಣ್ಣ ಅರ್ಧ ಬೋಳಿಸಿದ ಗಲ್ಲದಲ್ಲೇ ಜೀಪಿನ ಹಿಂದೆ ಸ್ಕೂಟರಿನಲ್ಲಿ ಬಂದ. ಠಾಣೆಯ ಬೆಂಚು ಜನರಿಂದ ತುಂಬಿತ್ತು, ಅಣ್ಣ ಬಾಗಿಲ ಹತ್ತಿರ ನಿಂತುಕೊಂಡ. ಕಂಬಿಗೆ ಬಿಗಿದಿದ್ದ ಸೀಟನ್ನು ಅಲ್ಲೇ ಇದ್ದ ಎರಡು ಕಬ್ಬಿಣದ ಪೆಟ್ಟಿಗೆಗಳ ಮೇಲೆ ಅಡ್ಡ ಇಟ್ಟಿದ್ದರು. ಹೆಡ್ ಕಾನ್ಸ್‌ಟೇಬಲ್ ಅದರ ಮೇಲೆ ಒಮ್ಮೆ ಕೂತು, ನಮ್ಮ ಜೀಪಿಗೂ ಇಂಥದ್ದೊಂದು ಮಾಡಿಕೊಡಿ ಮೇಸ್ತ್ರಿ ಅಂತ ಹೇಳಿ ಎದ್ದರು.

ನಾನು ತೂಕದ ವಿಷಯ ಹೇಳಿಕೆಯಲ್ಲಿ ಬರೆಸುತ್ತಿದ್ದಾಗ ಅಣ್ಣ ಠಾಣೆಗೆ ಬಂದ ಮೇಲೆ ಮೊದಲ ಸಲ ಬಾಯಿ ತೆರೆದ. ನನಗಲ್ಲ, ಹೆಡ್ ಕಾನ್ಸ್‌ಟೇಬಲ್‌ಗೆ. ತೊಂಬತ್ತೆರಡಲ್ಲ, ಎಪ್ಪತ್ತೊಂಬತ್ತು ಅಂತ ಅವನಿಗೆ ಹೇಳಿ ಸಾರ್, ಹೋದ ವರ್ಷ ಕಾಯಿಲೆ ಬಿದ್ದು ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದೆ, ಆಗ ಇಳಿದದ್ದು ಅಂದ. ನಾನು ಆಗ ಬೆಳಿಗ್ಗೆ ಅವನು ಸ್ಕೂಟರಿನಲ್ಲಿ ಹೊರಡದಿದ್ದದ್ದನ್ನು ಗಮನಿಸಿ, ಪಾಳಿ ಬದಲಾಗಿರಬೇಕು ಎಂದುಕೊಂಡಿದ್ದೆ. ಸ್ಕೂಟರಿನ ಸ್ಪ್ರಿಂಗು ಹಳೆಯದಾಗಿ, ಸಡಿಲವಾಗಿ, ಹೆಚ್ಚು ಕೂರುತ್ತಿತ್ತು, ಅಷ್ಟೇ. ನನ್ನ ನೆಲದ ಕೆಳಗೆ, ಹತ್ತಡಿ ದೂರದಲ್ಲಿ, ಅಣ್ಣ ಹದಿಮೂರು ಕಿಲೋ ಕಡಿಮೆಯಾದದ್ದು ನನಗೆ ಗೊತ್ತಾದದ್ದು ಈ ಠಾಣೆಯಲ್ಲಿ. ಇಲ್ಲಿ ನನಗೆ ಕುಡಿಯಲು ನೀರು ಕೊಟ್ಟರು.

ಈಗೇನು, ಸೀಟು ದೊಡ್ಡದಾಯಿತಲ್ಲ ಎಂದು ಹೆಡ್ ಕಾನ್ಸ್‌ಟೇಬಲ್ ನನ್ನನ್ನು ಕೇಳಿದರು. ದೊಡ್ಡದನ್ನು ಚಿಕ್ಕದು ಮಾಡಬಹುದು, ಕೂರುವವರು ಒಪ್ಪಬೇಕು ಎಂದೆ. ಅಣ್ಣ ಹೆಬ್ಬೆರಳಿನಿಂದ ಫೋಮನ್ನು ಒತ್ತಿದ. ಸೀಟನ್ನು ಬೋರಲು ಹಾಕಿ ತಳ ನೋಡಿದ. ಗಂಟು ಎಲ್ಲೂ ಹಾಕಿಲ್ಲವಾ ಅಂತ ಕೇಳಿ ಸಾರ್ ಅಂದ. ಇಲ್ಲ, ಎಲ್ಲ ಬೋಲ್ಟು ಅಂತ ಹೇಳಿ ಸಾರ್ ಎಂದೆ. ಹಾಗಾದರೆ ತಪ್ಪು ಗಂಟಿಂದು ಅಂತ ಅವನ ತೀರ್ಪಾ ಅಂತ ಕೇಳಿ ಅಂದ. ಹಲಗೆಯನ್ನೂ ದಪ್ಪ ಮಾಡಿದ್ದೇನೆ ಅಂತ ಹೇಳಿ ಎಂದೆ. ಹೆಡ್ ಕಾನ್ಸ್‌ಟೇಬಲ್ ಪೆನ್ನು ಕೆಳಗಿಟ್ಟು, ನನಗೆ ಸಂಬಳ ಕೊಡೋದು ಇದಕ್ಕಲ್ಲ, ಇಬ್ಬರಿಗೂ ಕಿವಿ ನೆಟ್ಟಗಿದೆಯಲ್ಲ ಅಂದರು.

ಇನ್ನು ಮುಂದೆ ಬಾಲ್ಕನಿಯಿಂದ ಯಾವ ಕಾರಣಕ್ಕೂ ನೇತಾಡುವುದಿಲ್ಲ ಎಂದು ಒಪ್ಪಿಕೊಂಡಿದ್ದೇನೆ. ಅದನ್ನು ಬರೆದುಕೊಳ್ಳುತ್ತಿದ್ದಾಗ ಅಣ್ಣ ಸೀಟನ್ನು ಮತ್ತೆ ನೆಟ್ಟಗೆ ಇಟ್ಟು, ಅದರ ಮೇಲೆ ಕೂತ. ನನ್ನ ಕಡೆಗೆ ಬೆನ್ನು ಮಾಡಿ ಕೂತ. ಠಾಣೆಯ ಟೇಬಲ್ ಫ್ಯಾನಿನ ಗಾಳಿ ಅವನ ಬಲಗಡೆಯಿಂದ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಣ್ಣ ಬಲಕ್ಕೆ ವಾಲಿದ.

ಮೇಲೆ ಬರೆಸಿದ್ದೆಲ್ಲ ನಡೆದದ್ದು ನಡೆದ ಹಾಗೆ, ಯಾರ ಒತ್ತಾಯವೂ ಇಲ್ಲದೆ ಹೇಳಿದ್ದು. ಬರೆದದ್ದನ್ನು ನನಗೆ ಓದಿ ಹೇಳಿದರು, ಸರಿಯಾಗಿದೆ. ಇನ್ನೊಂದು ಸಲ ಮೊದಲಿನಿಂದ, ನಿಧಾನವಾಗಿ ಓದಬೇಕೆಂದು ಕೇಳಿಕೊಂಡಿದ್ದೇನೆ, ಏಕೆಂದರೆ ಅಣ್ಣ ಇನ್ನೂ ಎದ್ದಿಲ್ಲ.

ಸ್ಥಳ: ಪೊಲೀಸ್ ಠಾಣೆ, ಮುಂದಿನ ಕೋಣೆ
ದಿನಾಂಕ: 9, ಭಾನುವಾರ, ಮಧ್ಯಾಹ್ನ 12:15
ಸಹಿ: (ಸೀಟ್ ಮೇಸ್ತ್ರಿ)