ಹದಿಮೂರನೇ ತಿಂಗಳಲ್ಲಿ ಹುಟ್ಟಿದವಳು

ಇಥಿಯೋಪಿಯದ ಬಾಹಿರ್ ದಾರ್‌ನ ಪಾಸ್‌ಪೋರ್ಟ್ ಕಚೇರಿಯ ಸಾಲಿನಲ್ಲಿ ಬೆಜುನೆಶ್‌ಳ ಮುಂದೆ ಯಾರೋ ಅಕ್ಕ-ತಮ್ಮ ಇಬ್ಬರು ನಿಂತಿದ್ದರು. ಜನನ ಪತ್ರಕ್ಕೂ ಅರ್ಜಿಗೂ ತಾಳೆಯಿಲ್ಲವೆಂದು ಗುಮಾಸ್ತೆ ಆಗಷ್ಟೇ ಅಕ್ಕನ ಅರ್ಜಿಯನ್ನು ವಾಪಸು ಕೊಟ್ಟಿದ್ದಳು. ಬೇಡವೆಂದರೂ ಅವರ ಮಾತು ಬೆಜುನೆಶ್‌ಳ ಕಿವಿಗೆ ಬೀಳುತ್ತಿತ್ತು.

“ಅಸ್ರೆಸ್, ನಾನು ಹುಟ್ಟಿದ್ದು ಪಗುಮೆ ತಿಂಗಳ ಮೂರು. ಡಿಸೆಂಬರ್ ಮೂರು ಅಂತ ಯಾಕೋ ಬರ್ದೆ?”

“ನಾನಲ್ಲಕ್ಕ, ಫೋನಿನ ಚಾಟ್‌ಬಾಟ್ ಹೇಳ್ತು. ವರ್ಷಕ್ಕೆ ಹನ್ನೆರಡೇ ತಿಂಗಳು, ಹದಿಮೂರನೇದು ಇಲ್ವೇ ಇಲ್ಲ, ಕೊನೇದು ಡಿಸೆಂಬರೇ ಅಂತು.”

“ಇಡೀ ಇಥಿಯೋಪಿಯಕ್ಕೆ ಇರೋ ತಿಂಗಳು ಅದಕ್ಕಿಲ್ವಾ? ಅವ್ವ ನನ್ನ ಹೆತ್ತಿದ್ದೂ ಸುಳ್ಳಾ?”

“ಎಷ್ಟು ಗಟ್ಟಿಯಾಗಿ ಹೇಳ್ತು ಅಂದ್ರೆ, ನನಗೇ ಅನುಮಾನ ಬಂತಕ್ಕ.”

“ವರ್ಷಾವರ್ಷ ಪಗುಮೆ ಮೂರರ ಮಳೇಲಿ ಪುಣ್ಯ ಅಂತ ನೆನೆಯೋನಿಗೆ ಅನುಮಾನವಂತೆ!”

“ತಡಿ, ಈಗ ಮತ್ತೆ ಕೇಳ್ದೆ. ನೋಡು, ಕ್ಷಮೆ ಕೇಳ್ತಿದೆ. ‘ನೀವು ಹೇಳಿದ್ದೇ ಸರಿ. ಪಗುಮೆ ಹದಿಮೂರನೇ ತಿಂಗಳು. ಅದರಲ್ಲಿ ಮೂವತ್ತು ದಿನಗಳಿವೆ.’”

“ಐದು ದಿನದ ತಿಂಗಳಿಗೆ ಮೂವತ್ತಾ!”

“ಲೀಪ್ ವರ್ಷದಲ್ಲಿ ಆರು, ಅಕ್ಕ.”

“ಅಷ್ಟು ಗೊತ್ತಿರೋನು ಅದನ್ನ ಯಾಕೋ ಕೇಳೋಕೆ ಹೋದೆ?”

“ಬೇಗ ಆಗ್ಲಿ ಅಂತ.”

“ಆಯ್ತಲ್ಲ ಬೇಗ! ಅಲ್ಲಿ ದುಬೈನಲ್ಲಿ ಮಗಳಿಗೆ ದಿನ ತುಂಬ್ತಾ ಬಂತು, ಬಾಣಂತನಕ್ಕೆ ಹೋಗ್ಬೇಕಾದೋಳು ನಾನಿಲ್ಲಿ ಪಾಸ್‌ಪೋರ್ಟ್ ಇಲ್ದೆ ನಿಂತಿದೀನಿ. ಅದನ್ನೇ ಕೇಳು, ಅದು ಸೇರಿಸಿರೋ ಇಪ್ಪತ್ತೈದು ದಿನ ಮಗು ಒಳಗೇ ಕಾಯುತ್ತಾ ಅಂತ.”

ಅಸ್ರೆಸ್ ಫೋನನ್ನು ಜೇಬಿಗೆ ಇಳಿಸಿದ. ಇಬ್ಬರೂ ಖಾಲಿ ಅರ್ಜಿ ಕೊಡುವ ಕಿಟಕಿಯತ್ತ ನಡೆದರು. ಅಲ್ಲಿನ ಸಾಲು ಗೇಟು ದಾಟಿ ರಸ್ತೆಗೆ ಇಳಿದಿತ್ತು.