ಒಡೆಸ್ಸಾಳ ತಮ್ಮ

"ಒಡಹುಟ್ಟಿದವಳಿಗೆ ಒಂದು ಓಟು ಹಾಕದ ದಂಡಪಿಂಡ ಬಂದ ನೋಡಿ," ಎಂದಳು ಮುದುಕಿ ವರ್ನಾ, ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಆ ಲಾಂಡ್ರಿಯಲ್ಲಿದ್ದವರಿಗೆಲ್ಲ ಕೇಳುವಂತೆ.

ಕರ್ಟಿಸ್ ಬಟ್ಟೆಗಳನ್ನು ಯಂತ್ರಕ್ಕೆ ತುರುಕತೊಡಗಿದ. ಪಟ್ಟಣದ ಕೌನ್ಸಿಲ್‌ಗೆ ನಿಂತಿದ್ದ ಅವನ ಅಕ್ಕ ಒಡೆಸ್ಸಾಳಿಗೂ ಎದುರಾಳಿಗೂ ಮುನ್ನೂರ ಹನ್ನೊಂದು ಓಟು ಸಮಸಮ ಬಿದ್ದಿದ್ದವು. ಹಾಗೆ ಸಮವಾದರೆ ಕಾನೂನು ಹೇಳುವಂತೆ ಇವತ್ತು ಬೆಳಿಗ್ಗೆ ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಅವಳು ಸೋತಳು.

"ಅಕ್ಕ ಹೇಗೂ ಗೆಲ್ತಾಳೆ ಅಂದ್ಕೊಂಡೆ, ಮಿಸ್ ವರ್ನಾ. ಅವತ್ತು ಕೋಳಿ ಮಾಂಸದ ಕಾರ್ಖಾನೆಲಿ ಎರಡು ಪಾಳಿ ಬೇರೆ ಇತ್ತು."

"ಬೂತು ಕಾರ್ಖಾನೆ ಎದುರಿಗೇ ಇತ್ತಲ್ಲೋ. ನೀನು ಬರ್ಗರ್ ತಿನ್ನೋಕೆ ಅದರ ಮುಂದೇನೇ ಹೋದೆ."

"ಮುಂದಿನ ಸಲ ಹಾಕ್ತೀನಿ."

"ಮುಂದಿನ ಸಲಕ್ಕೆ ನಾನಿರಲ್ಲ ಕಣೋ. ಗೆದ್ದವನು ಊರ ಬಸ್ಸನ್ನೇ ರದ್ದು ಮಾಡ್ತೀನಿ ಅಂತ ಹೇಳ್ಕೊಂಡೇ ಗೆದ್ದಿದ್ದು. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ನಾನು ಅದರಲ್ಲೇ ಹೋಗೋದು."

ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ, ಕರ್ಟಿಸ್ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಡ್ವೇನ್ ತಲೆ ಎತ್ತಲಿಲ್ಲ. ಅವನೂ ಚುನಾವಣೆಯ ದಿನ ಓಟು ಹಾಕಿರಲಿಲ್ಲ.

ಯಂತ್ರಕ್ಕೆ ಹಾಕಲು ಕರ್ಟಿಸ್ ಜೇಬಿನಿಂದ ನಾಣ್ಯ ತೆಗೆದ.

"ಅದನ್ನೇ ಒಂದ್ಸಲ ಚಿಮ್ಮು," ಎಂದಳು ವರ್ನಾ. "ಬಸ್ಸು ನಿಂತ ಮೇಲೆ ನಾನು ಇರ್ಬೇಕೋ ಹೋಗ್ಬೇಕೋ, ಅದೂ ತೀರ್ಮಾನ ಆಗ್ಲಿ."

ಕರ್ಟಿಸ್ ನಾಣ್ಯವನ್ನು ಯಂತ್ರದ ಮೇಲಿಟ್ಟ. ಬಟ್ಟೆಗಳನ್ನೂ ಅಲ್ಲೇ ಬಿಟ್ಟು ಹೊರಗೆ ನಡೆದ.